ಕರೆಂಟ್ ಹೋಗಿ ಬಂದ ಮೇಲೆ ಏಳದ ಡೆಸ್ಕ್‌ಟಾಪ್: ಮೊದಲು ನೇರಳೆ ವೈರ್ ಅಳೆಯಿರಿ

ಮಷಿನ್ ಹಳೆಯದು. 4ನೇ ತಲೆಮಾರಿನ ಐ3, ಎಚ್81 ಮದರ್‌ಬೋರ್ಡ್ (ಮುಂದೆ ಬರೀ ಬೋರ್ಡ್ ಅಂತೀನಿ), 4 ಜಿಬಿಯ ಎರಡು ಡಿಡಿಆರ್3 ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ತೀರ್ಥಹಳ್ಳಿಯಲ್ಲಿ ನಮ್ಮ ಭಾವನ ಡಿಟಿಪಿ ಅಂಗಡಿಯಲ್ಲಿದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಎಲ್ಲ ಇದರಲ್ಲೇ ಆಗಬೇಕು. ಕನ್ನಡ ಟೈಪಿಂಗಿನ ನುಡಿ, ಡಿಸೈನಿನ ಕೋರೆಲ್‌ಡ್ರಾ ಎರಡೂ ಇದರಲ್ಲೇ ಇವೆ, ವರ್ಷಗಟ್ಟಲೆ ಮಾಡಿದ ಡಿಸೈನುಗಳೂ ಇದರಲ್ಲೇ ಇವೆ. ಹಾಗಾಗಿ ‘ಹಳೇದಾಯ್ತು, ಬಿಸಾಕಿ’ ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ.

ಏಪ್ರಿಲ್ ಕೊನೆಯ ಗುಡುಗು ಮಳೆಗೆ ಎಲ್ಲೋ ಲೈನ್ ಮೇಲೆ ಮರ ಬಿತ್ತು. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಮಲೆನಾಡಿನಲ್ಲಿ ಇದು ಹೊಸದೇನಲ್ಲ. ಮರುದಿನ ಮಧ್ಯಾಹ್ನ ಕರೆಂಟ್ ಬಂತು, ಮಷಿನ್ ಮಾತ್ರ ಏಳಲಿಲ್ಲ. ಬಟನ್ ಒತ್ತಿದರೆ ಫ್ಯಾನಿಲ್ಲ, ಬೀಪ್ ಇಲ್ಲ, ಏನೂ ಇಲ್ಲ. ಊರಲ್ಲಿ ಯಾರೋ ಬಂದು ನೋಡಿ, ಕರೆಂಟ್ ಜಾಸ್ತಿ ಬಂದು ಬೋರ್ಡ್ ಸುಟ್ಟಿದೆ, ಈ ಬೋರ್ಡ್ ಈಗ ಸಿಗೋದಿಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದಿದ್ದಾರೆ. ಭಾವ ನನಗೆ ಫೋನ್ ಮಾಡಿದರು.

“ಬೋರ್ಡ್ ಹೋಗಿದೆ ಅಂತಾರೆ ಮಾರಾಯಾ, ಹೌದಾ?”

“ಭಾವ, ಸೈಡಿನ ತಗಡು ತೆಗೆದು ನೋಡಿ. ಬೋರ್ಡ್ ಮೇಲೆ ಒಂದು ಸಣ್ಣ ಹಸಿರು ದೀಪ ಇರುತ್ತೆ. ಉರೀತಾ ಇದೆಯಾ?”

“ಇದೆ. ಆದ್ರೆ ಮಿಣುಕು ಮಿಣುಕು ಅಂತಿದೆ.”

ಆ ಒಂದು ಮಾತಿಗೆ ನಾನು ಮಲ್ಟಿಮೀಟರ್ ಚೀಲಕ್ಕೆ ಹಾಕಿಕೊಂಡೆ. ಬಟನ್ ಒತ್ತುವ ಮುಂಚೆಯೇ ಉರಿಯುವ ಆ ದೀಪ ಒಂದೇ ಸಮ ಉರಿಯಬೇಕು. ಅದು ಮಿಣುಕುತ್ತಿದೆ ಅಂದರೆ ಬೋರ್ಡಿಗೆ ಬರುವ ಕರೆಂಟೇ ಸರಿ ಇಲ್ಲ. ಬೋರ್ಡನ್ನು ದೂರುವ ಮೊದಲು ಅದನ್ನು ನೋಡಬೇಕು, ಅಲ್ವಾ?

ಮೊದಲು ಗೋಡೆಯಿಂದ ಶುರು. ಮಷಿನ್ 600 ವಿಎ ಯುಪಿಎಸ್ ಮೂಲಕ ಹೋಗುತ್ತಿತ್ತು, ಅದರ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಯುಪಿಎಸ್ ಬದಿಗಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದೆ. ಸಾಕೆಟ್ಟಿನಲ್ಲಿ 228 ವೋಲ್ಟ್. ಇದನ್ನು ಮೀಟರಿನಲ್ಲೇ ನೋಡಬೇಕು. ಟೆಸ್ಟರ್ ದೀಪ ಉರಿದರೆ ಫೇಸ್ ಇದೆ ಅಂತಷ್ಟೇ ಅರ್ಥ, ನ್ಯೂಟ್ರಲ್ ಕಡಿದು ಹೋಗಿದ್ದರೂ ಅದು ಉರಿಯುತ್ತೆ. ಕಂಬದಲ್ಲಿ ನ್ಯೂಟ್ರಲ್ ಸಡಿಲವಾದರೆ 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಹೋಗಬಹುದು. ಹಾಗೆ ಆಗಿದ್ದರೆ ಬೀದಿಯಲ್ಲಿ ಒಂದಷ್ಟು ಬಲ್ಬು, ಟಿವಿ, ಫ್ರಿಜ್ ಜೊತೆಗೇ ಹೋಗುತ್ತವೆ. ಅಕ್ಕಪಕ್ಕದ ಅಂಗಡಿಗಳಲ್ಲಿ ವಿಚಾರಿಸಿದೆ. ಪಕ್ಕದ ಬೇಕರಿಯ ಫ್ರಿಜ್ ಆರಾಮಾಗಿ ಓಡುತ್ತಿತ್ತು, ಯಾರ ಮನೆಯಲ್ಲೂ ಬಲ್ಬು ಹೋಗಿರಲಿಲ್ಲ. ಜಾಸ್ತಿ ಕರೆಂಟ್ ಬಂದು ಸುಟ್ಟಿದ್ದು ಅನ್ನುವ ಕಥೆ ನನಗೆ ಅಲ್ಲೇ ಸ್ವಲ್ಪ ಸಡಿಲವಾಯಿತು.

ಪವರ್ ಕಾರ್ಡ್ ಬದಲಾಯಿಸಿ ನೋಡಿದೆ, ವ್ಯತ್ಯಾಸ ಇಲ್ಲ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದ ಸಣ್ಣ ವೋಲ್ಟುಗಳಿಗೆ ಇಳಿಸುವ ಪೆಟ್ಟಿಗೆ) ಹಿಂದಿನ ಸ್ವಿಚ್ ಆನ್ ಇದೆ. ಮುಂದಿನ ಬಟನ್ನೇ ಕೆಟ್ಟಿದ್ದರೂ ಇದೇ ಲಕ್ಷಣ ಬರುತ್ತೆ. ಅದಕ್ಕೆ ಕ್ಯಾಬಿನೆಟ್ಟಿನಿಂದ ಬರುವ ಸಣ್ಣ ವೈರುಗಳನ್ನು ಬೋರ್ಡಿನಿಂದ ಕಿತ್ತು, ಪವರ್ ಸ್ವಿಚ್ಚಿನ ಎರಡು ಪಿನ್ನುಗಳನ್ನು (ಹೆಚ್ಚಿನ ಬೋರ್ಡುಗಳಲ್ಲಿ 6 ಮತ್ತು 8ನೇ ಪಿನ್) ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಸಿಪಿಯು ಫ್ಯಾನ್ ಕಾಲು ಸುತ್ತು ತಿರುಗಿ ನಿಂತಿತು. ಅಂದರೆ ಏಳೋಕೆ ಮನಸ್ಸಿದೆ, ಶಕ್ತಿ ಇಲ್ಲ.

ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಕೀಬೋರ್ಡ್, ಮೌಸ್ ಎಲ್ಲ ಕಳಚಿದೆ. ಒಂದು ರ್‍ಯಾಮ್ ಮಾತ್ರ ಬಿಟ್ಟೆ. ಅದೇ ಕಾಲು ಸುತ್ತು. ಯಾವುದೋ ಒಂದು ಭಾಗ ಶಾರ್ಟ್ ಆಗಿ ಉಳಿದದ್ದನ್ನೆಲ್ಲ ಎಳೆದು ಬೀಳಿಸುತ್ತಿರಬಹುದು ಅನ್ನುವ ಅನುಮಾನ ಇದರಿಂದ ಬಹುಪಾಲು ಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಒಂದೇ ಒಂದು ನೇರಳೆ ವೈರ್ ಇರುತ್ತೆ, 9ನೇ ಪಿನ್. ಅದು ಸ್ಟ್ಯಾಂಡ್‌ಬೈ 5 ವೋಲ್ಟ್. (ಈಗಿನ ಕೆಲವು ಎಸ್‌ಎಂಪಿಎಸ್‌ಗಳಲ್ಲಿ ವೈರೆಲ್ಲ ಕಪ್ಪು, ಆಗ ಬಣ್ಣ ನೋಡದೆ ಪಿನ್ ಎಣಿಸಬೇಕು.) ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು ಈ 5 ವೋಲ್ಟ್ ಇದ್ದೇ ಇರುತ್ತೆ, ರಾತ್ರಿ ಒಲೆಯಲ್ಲಿ ಕೆಂಡಕ್ಕೆ ಬೂದಿ ಮುಚ್ಚಿಟ್ಟ ಹಾಗೆ. ನೀವು ಬಟನ್ ಒತ್ತಿದ್ದು ಬೋರ್ಡಿಗೆ ಗೊತ್ತಾಗೋದು ಈ ಕರೆಂಟಿನಿಂದಲೇ. ಗೊತ್ತಾದ ಮೇಲೆ ಬೋರ್ಡ್ 16ನೇ ಪಿನ್ನಿನ ಹಸಿರು ವೈರನ್ನು ಗ್ರೌಂಡಿಗೆ ಎಳೆಯುತ್ತೆ. ಆಗಲೇ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಹುಟ್ಟೋದು. ನೇರಳೆ ವೈರಿನಲ್ಲಿ ಕರೆಂಟ್ ಸರಿಯಿಲ್ಲದಿದ್ದರೆ ಮುಂದಿನದು ಯಾವುದೂ ನಡೆಯೋದಿಲ್ಲ.

ಕನೆಕ್ಟರ್ ಬೋರ್ಡಿನಲ್ಲೇ ಇರುವಾಗ ಮೀಟರಿನ ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಸ್ಕ್ರೂಗೆ ಮುಟ್ಟಿಸಿ, ಕೆಂಪು ಕಡ್ಡಿಯನ್ನು ನೇರಳೆ ವೈರಿನ ಹಿಂಬದಿಯಿಂದ ತೂರಿಸಿದೆ. ಇರಬೇಕಾದ್ದು 4.75ರಿಂದ 5.25. ಸಿಕ್ಕಿದ್ದು 3.2ರಿಂದ 4.1ರ ನಡುವೆ ತೂಗಾಡುವ ಅಂಕಿ, ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಬೋರ್ಡಿನ ದೀಪ ಮಿಣುಕುತ್ತಿದ್ದದ್ದೂ ಇದೇ ತಾಳಕ್ಕೆ. ಬೋರ್ಡೇ ಎಳೆಯುತ್ತಿದೆಯಾ ನೋಡೋಣ ಅಂತ ಕನೆಕ್ಟರ್ ಕಿತ್ತು ಬರೀ ಎಸ್‌ಎಂಪಿಎಸ್ ಅಳೆದೆ. 4.4. ಹೊರೆಯೇ (ಲೋಡ್) ಇಲ್ಲದಿದ್ದರೂ 4.4. ಬೋರ್ಡಿನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಎಲ್ಲರೂ ಮಾಡುವ ಪೇಪರ್ ಕ್ಲಿಪ್ ಪರೀಕ್ಷೆಯನ್ನೂ ಮಾಡಿದೆ. ಎಸ್‌ಎಂಪಿಎಸ್ ಬೋರ್ಡಿನಿಂದ ಪೂರ್ತಿ ಬಿಡಿಸಿ, ಹೊರೆಗೆ ಅಂತ ಒಂದು ಹಳೆ ಡಿವಿಡಿ ಡ್ರೈವ್ ಸಿಕ್ಕಿಸಿ, ಹಸಿರು ವೈರಿನ ಪಿನ್ನಿಗೂ ಪಕ್ಕದ ಕಪ್ಪಿಗೂ ತಂತಿ ಮುಟ್ಟಿಸೋದು. ಫ್ಯಾನ್ ಒಮ್ಮೆ ಅಲುಗಿ ನಿಂತಿತು. ಈ ಪರೀಕ್ಷೆಯ ಬಗ್ಗೆ ಒಂದು ಮಾತು: ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ತೀರ್ಮಾನ ಮಾಡಬೇಡಿ. ಬರೀ ಫ್ಯಾನ್ ತಿರುಗಿಸುವ ಶಕ್ತಿ ಸಾಯುತ್ತಿರುವ ಎಸ್‌ಎಂಪಿಎಸ್‌ಗೂ ಇರುತ್ತೆ. ಅಂಕಿ ನೋಡಬೇಕು, ಅದೂ ಹೊರೆ ಇರುವಾಗ.

ಇಷ್ಟು ಹೊತ್ತಿಗೆ ನನ್ನ ಅನುಮಾನ ಎಸ್‌ಎಂಪಿಎಸ್ ಒಳಗಿನ ಒಂದು ಸಣ್ಣ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ) ಮೇಲೆ ಬಂದು ನಿಂತಿತ್ತು. ಬಿಚ್ಚುವ ಮೊದಲೇ ಅದನ್ನು ಪರೀಕ್ಷಿಸುವ ದಾರಿ ಇದೆ. ಅಕ್ಕನ ಹೇರ್ ಡ್ರೈಯರ್ ತರಿಸಿದೆ. ಎಸ್‌ಎಂಪಿಎಸ್‌ನ ಗಾಳಿ ಕಿಂಡಿಯಿಂದ ಒಳಗೆ ಸ್ವಲ್ಪ ಹೊತ್ತು ಬಿಸಿ ಗಾಳಿ ಊದುತ್ತಾ ನೇರಳೆ ವೈರಿನ ಅಂಕಿಯ ಮೇಲೆ ಕಣ್ಣಿಟ್ಟೆ. 4.4 ಇದ್ದದ್ದು 4.6 ಆಯ್ತು, 4.8 ಆಯ್ತು, 4.9ಕ್ಕೆ ಬಂದು ನಿಂತಿತು. ತೂಗಾಟ ಹೋಯಿತು. ಹಸಿರು-ಕಪ್ಪು ಮುಟ್ಟಿಸಿದೆ. ಫ್ಯಾನ್ ಗುಂಯ್ ಅಂತ ಶುರುವಾಗಿ ನಿಲ್ಲದೆ ಓಡಿತು.

ಭಾವ ಪಕ್ಕದಲ್ಲೇ ನಿಂತಿದ್ದರು. “ಬಿಸಿ ಮಾಡಿದ್ರೆ ಸರಿಯಾಗುತ್ತಾ? ಹಾಗಾದ್ರೆ ಕರೆಂಟ್ ಜಾಸ್ತಿ ಬಂದು ಸುಟ್ಟಿದ್ದಲ್ವಾ?”

ಅಲ್ಲ. ಇದನ್ನೇ ನಾನು ಎಲ್ಲರಿಗೂ ಹೇಳಬೇಕು ಅಂತ ಇಷ್ಟುದ್ದ ಬರೆಯುತ್ತಿರೋದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರುತ್ತೆ. ವರ್ಷಗಟ್ಟಲೆ ಬಿಸಿಯಲ್ಲಿ ಅದು ನಿಧಾನವಾಗಿ ಒಣಗುತ್ತೆ. ಒಣಗಿದಷ್ಟೂ ಒಳಗಿನ ತಡೆ, ಅಂದರೆ ಇಎಸ್‌ಆರ್, ಏರುತ್ತೆ. ಬಿಸಿ ಇರುವಾಗ ಆ ತಡೆ ಕಡಿಮೆಯಾಗುತ್ತೆ, ತಣ್ಣಗಾದಾಗ ಜಾಸ್ತಿಯಾಗುತ್ತೆ. ಭಾವನ ಅಂಗಡಿಯಲ್ಲಿ ಮಷಿನ್ ಆಫ್ ಮಾಡ್ತಾರೆ, ಗೋಡೆಯ ಸ್ವಿಚ್ ಆಫ್ ಮಾಡೋ ರೂಢಿ ಇಲ್ಲ. ಹಾಗಾಗಿ ಸ್ಟ್ಯಾಂಡ್‌ಬೈ ಭಾಗ ಹಗಲೂ ರಾತ್ರಿ ಓಡುತ್ತಾ, ತನ್ನ ಬಿಸಿಯಲ್ಲೇ ಆ ಒಣಗಿದ ಕೆಪಾಸಿಟರನ್ನು ನಡೆಸಿಕೊಂಡು ಬಂದಿತ್ತು. ಅರ್ಧ ಗಂಟೆ, ಒಂದು ಗಂಟೆ ಕರೆಂಟ್ ಹೋದರೆ ಪೂರ್ತಿ ತಣ್ಣಗಾಗುತ್ತಿರಲಿಲ್ಲ. ಈ ಸಲ ಮಳೆಯ ತಂಪಿನಲ್ಲಿ ಇಡೀ ರಾತ್ರಿ ತಣ್ಣಗಾಯಿತು. ಮತ್ತೆ ಏಳುವ ತಾಕತ್ತು ಇರಲಿಲ್ಲ. ಕಾಯಿಲೆ ಯಾವತ್ತೋ ಬಂದಿತ್ತು, ಕರೆಂಟ್ ಹೋದದ್ದರಿಂದ ಹೊರಗೆ ಕಾಣಿಸಿತು ಅಷ್ಟೇ.

ಬಿಚ್ಚುವ ವಿಚಾರ. ಇದನ್ನು ಓದಿ ಯಾರೂ ಸುಮ್ನೆ ಎಸ್‌ಎಂಪಿಎಸ್ ತೆರೆಯಬೇಡಿ. ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ನಾನು ಪ್ಲಗ್ ಕಿತ್ತು, ತುಂಬಾ ಹೊತ್ತು ಬಿಟ್ಟು, ಮುಚ್ಚಳ ತೆಗೆದ ಮೇಲೆ ಮೊದಲು ಮಾಡಿದ್ದು ದೊಡ್ಡ ಕೆಪಾಸಿಟರ್ ಕಾಲುಗಳ ನಡುವೆ ವೋಲ್ಟೇಜ್ ಅಳೆಯೋದು. 40ರ ಹತ್ತಿರ ಉಳಿದಿತ್ತು. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಷನ್ ಇರುವ ವೈರ್ ಹಾಕಿಟ್ಟುಕೊಂಡಿದ್ದೇನೆ, ಅದನ್ನು ಅಡ್ಡ ಹಿಡಿದು ಖಾಲಿ ಮಾಡಿ, ಮತ್ತೆ ಅಳೆದು, ಸೊನ್ನೆ ಹತ್ತಿರ ಬಂದ ಮೇಲೇ ಕೈ ಹಾಕಿದ್ದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನ್ನಿಸೋರನ್ನ ನೋಡಿದ್ದೇನೆ. ಕೆಪಾಸಿಟರಿಗೂ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ.

ಒಳಗೆ ಫ್ಯೂಸ್ ಸರಿ ಇತ್ತು. ಜಾಸ್ತಿ ವೋಲ್ಟೇಜ್ ನುಗ್ಗಿದ್ದರೆ ಸಾಮಾನ್ಯವಾಗಿ ಮೊದಲು ಹೋಗೋದೇ ಅದು. ಕರೆಂಟ್ ಒಳಗೆ ಬರುವ ಜಾಗ ನೋಡಿ ಬೇಜಾರಾಯಿತು. ಸರ್ಜ್, ಅಂದರೆ ದಿಢೀರ್ ನುಗ್ಗುವ ವೋಲ್ಟೇಜ್, ತಡೆಯೋ ವೇರಿಸ್ಟರ್ ಕೂರಬೇಕಾದ ಜಾಗದಲ್ಲಿ ಗುರುತು ಮಾತ್ರ ಅಚ್ಚಾಗಿದೆ, ಭಾಗ ಇಲ್ಲ. ಕರೆಂಟಿನ ಗಲೀಜು ಸೋಸುವ ಫಿಲ್ಟರ್ ಕಾಯಿಲ್ ಜಾಗದಲ್ಲಿ ಎರಡು ತುಂಡು ತಂತಿ. ಹೊರಗೆ ಸ್ಟಿಕ್ಕರಿನಲ್ಲಿ 450 ವ್ಯಾಟ್. ಗುಡುಗು ಸಿಡಿಲಿನ ಊರಿಗೆ ಇಂಥದ್ದನ್ನು ಮಾರೋದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಸ್ಟ್ಯಾಂಡ್‌ಬೈ ಭಾಗ ಒಂದು ಮೂಲೆಯಲ್ಲಿತ್ತು: ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಟ್ರಾನ್ಸ್‌ಫಾರ್ಮರ್, ಎಂಟು ಕಾಲಿನ ಒಂದು ಚಿಪ್, ಅದರ ಪಕ್ಕ 22 ಮೈಕ್ರೋಫ್ಯಾರಡ್ (ಕೆಪಾಸಿಟರ್ ಎಷ್ಟು ಹಿಡಿಯುತ್ತೆ ಅನ್ನುವ ಅಳತೆ) 50 ವೋಲ್ಟಿನ ಕಡ್ಡಿಯಷ್ಟು ಸಣ್ಣ ಕೆಪಾಸಿಟರ್. ಹೀಟ್‌ಸಿಂಕಿಗೆ ಅಂಟಿಕೊಂಡಂತೆ ನಿಂತಿತ್ತು. ತಲೆ ಉಬ್ಬಿರಲಿಲ್ಲ, ಸೋರಿರಲಿಲ್ಲ. ಮೇಲಿನ ಪ್ಲಾಸ್ಟಿಕ್ ತೊಗಲು ಬಿಸಿಗೆ ಸುರುಟಿ, ತುದಿಯಲ್ಲಿ ಅಲ್ಯೂಮಿನಿಯಂ ಒಂದೆರಡು ಮಿಲಿಮೀಟರ್ ಹೊರಗೆ ಕಾಣುತ್ತಿತ್ತು, ಬುಡದ ಹಳದಿ ಅಂಟು ಕಂದು ಬಣ್ಣಕ್ಕೆ ತಿರುಗಿತ್ತು. ಅಷ್ಟೇ ಸುಳಿವು. ಉಬ್ಬಿದ ಕೆಪಾಸಿಟರ್ ಮಾತ್ರ ಹುಡುಕೋರಿಗೆ ಇದು ಕಣ್ಣಿಗೇ ಬೀಳೋದಿಲ್ಲ. ಚಿಪ್ಪಿಗೆ ಬೇಕಾದ ಕರೆಂಟ್ ಈ ಪುಟ್ಟದರಲ್ಲೇ ಸಂಗ್ರಹವಾಗೋದು. ಇದು ಒಣಗಿದರೆ ಚಿಪ್ ಎದ್ದು, ಕರೆಂಟ್ ಸಾಲದೆ ಮಲಗಿ, ಮತ್ತೆ ಏಳಲು ನೋಡುತ್ತೆ. ಮಿಣುಕು ದೀಪದ ಗುಟ್ಟು ಇದೇ.

ಕಿತ್ತು ಕಾಂಪೊನೆಂಟ್ ಟೆಸ್ಟರಿಗೆ ಹಾಕಿದೆ. 22 ಇರಬೇಕಾದ್ದು 6 ಮೈಕ್ರೋಫ್ಯಾರಡ್, ಇಎಸ್‌ಆರ್ 19 ಓಮ್. ಶಿವಮೊಗ್ಗದಿಂದ ತಂದಿದ್ದ ಹೊಸದರಲ್ಲಿ ಇಎಸ್‌ಆರ್ 1 ಓಮಿಗಿಂತ ಕಡಿಮೆ. ಆ ಕಡೆ ಔಟ್‌ಪುಟ್ಟಿನಲ್ಲಿದ್ದ 1000 ಮೈಕ್ರೋಫ್ಯಾರಡ್ 10 ವೋಲ್ಟಿನದೂ ಸ್ವಲ್ಪ ತಲೆ ಎತ್ತಿತ್ತು, ಅದನ್ನೂ ಬದಲಾಯಿಸಿದೆ. 105 ಡಿಗ್ರಿ ಬರೆದಿರೋದನ್ನೇ ಕೇಳಿ ತಗೊಳ್ಳಿ, 85ರದ್ದು ಬೇಡ. ವೋಲ್ಟ್ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಮೈನಸ್ ಪಟ್ಟಿ ಯಾವ ಕಡೆ ಇತ್ತು ಅಂತ ಕೀಳುವ ಮೊದಲೇ ಫೋಟೋ ತೆಗೆದಿಡಿ.

ಮೊದಲ ಸಲ ಕರೆಂಟ್ ಕೊಟ್ಟಿದ್ದು ಸೀರೀಸ್ ಲ್ಯಾಂಪ್ ಮೂಲಕ. ಹಳೆ ಟಿವಿ ಮೆಕ್ಯಾನಿಕ್‌ಗಳ ಬೆಂಚಿನಲ್ಲಿ ಇರುತ್ತಿತ್ತಲ್ಲ, 60 ವ್ಯಾಟಿನ ತಂತಿ ಬಲ್ಬು, ಅದೇ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತೆ, ಎಸ್‌ಎಂಪಿಎಸ್ ಸಿಡಿಯೋದಿಲ್ಲ. ಬಲ್ಬು ಒಮ್ಮೆ ಮಿಂಚಿ ಆರಿತು, ಆಗಬೇಕಾದ್ದೂ ಅದೇ. ಆಮೇಲೆ ಬಲ್ಬು ತೆಗೆದು ನೇರ ಕೊಟ್ಟೆ. ನೇರಳೆ ವೈರಿನಲ್ಲಿ 5.06, ಅಲುಗಾಟ ಇಲ್ಲ. ಡ್ರೈವ್ ಹೊರೆಯಲ್ಲಿ 12.1, 5.03, 3.34. ಎಲ್ಲ 5 ಪರ್ಸೆಂಟ್ ಒಳಗೇ ಇದೆ.

ಇಷ್ಟಾದರೂ ಅಂಗಡಿಯ ಮಷಿನಿಗೆ ಇದನ್ನು ವಾಪಸ್ ಹಾಕಲಿಲ್ಲ. ಭಾವನಿಗೆ ಆಶ್ಚರ್ಯ. “ಸರಿಯಾಯ್ತಲ್ಲ, ಮತ್ಯಾಕೆ ದುಡ್ಡು ಹಾಕೋದು?” ಅಂದರು. ವೇರಿಸ್ಟರ್ ಇಲ್ಲದ, ಫಿಲ್ಟರ್ ಇಲ್ಲದ, ಉಳಿದ ಕೆಪಾಸಿಟರುಗಳಿಗೂ ಅದೇ ವಯಸ್ಸಾಗಿರುವ ಪೆಟ್ಟಿಗೆ ಅದು. ಕೆಲವು ಹಳೆ ವಿನ್ಯಾಸಗಳಲ್ಲಂತೂ ಈ ಸಣ್ಣ ಕೆಪಾಸಿಟರ್ ಒಣಗಿದರೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಇಳಿಯುವ ಬದಲು ಏರಿ ಬೋರ್ಡನ್ನೇ ಸುಡುತ್ತೆ. ಮದುವೆ ಸೀಸನ್ನಿನಲ್ಲಿ ಅವರ ಹೊಟ್ಟೆಪಾಡೇ ಈ ಮಷಿನ್ ಮೇಲಿದೆ. ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ತರಿಸಿ ಹಾಕಿದೆವು. ರಿಪೇರಿ ಮಾಡಿದ್ದನ್ನು ನನ್ನ ಬೆಂಚಿಗೆ ತಂದಿಟ್ಟುಕೊಂಡೆ.

ಹೊಸ ಎಸ್‌ಎಂಪಿಎಸ್ ಹಾಕಿದ ಕೂಡಲೇ ಮಷಿನ್ ಎದ್ದಿತು, ಡಿಸ್‌ಪ್ಲೇ ಬಂತು, ರ್‍ಯಾಮ್ ಕಿತ್ತು ರಬ್ಬರಿನಲ್ಲಿ ಉಜ್ಜುವ ಕೆಲಸ ಬೀಳಲಿಲ್ಲ. ಆದರೆ ಸ್ಕ್ರೀನಿನಲ್ಲಿ ಸಿಮಾಸ್ ಚೆಕ್‌ಸಮ್ ತಪ್ಪಾಗಿದೆ (ಬೋರ್ಡ್ ನೆನಪಿಟ್ಟುಕೊಂಡ ಸೆಟ್ಟಿಂಗ್ಸ್ ಕೆಟ್ಟಿವೆ ಅಂತ ಅರ್ಥ), ಎಫ್1 ಒತ್ತಿ ಅಂತ ಬಂತು. ಒತ್ತಿದರೆ ವಿಂಡೋಸ್ ಲೋಗೋ ಒಂದು ಕ್ಷಣ ಕಂಡು ನೀಲಿ ಸ್ಕ್ರೀನ್. ಕೊನೆಯಲ್ಲಿ 0x0000007ಬಿ ಅನ್ನುವ ಎರರ್ ಕೋಡ್.

ಇಲ್ಲೂ ಹಿಂದಿನ ಕಥೆಯೇ. ಬೋರ್ಡಿನ ಸಿಆರ್2032 ಬ್ಯಾಟರಿ ಅಳೆದೆ, 2.1 ವೋಲ್ಟ್. ಹೊಸದರಲ್ಲಿ 3ಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತೆ. ಗೋಡೆಯ ಸ್ವಿಚ್ ಆನ್ ಇರುವಷ್ಟು ದಿನ ಗಡಿಯಾರಕ್ಕೂ ಸೆಟ್ಟಿಂಗ್ಸಿಗೂ ಕರೆಂಟ್ ಬರೋದು ಅದೇ ಸ್ಟ್ಯಾಂಡ್‌ಬೈನಿಂದ. ಹಾಗಾಗಿ ಬ್ಯಾಟರಿ ಸತ್ತದ್ದು ಯಾರಿಗೂ ಗೊತ್ತಾಗಿರಲಿಲ್ಲ. ಸ್ಟ್ಯಾಂಡ್‌ಬೈ ಹೋದ ರಾತ್ರಿಯೇ ಬಯೋಸ್ (ವಿಂಡೋಸ್‌ಗೂ ಮೊದಲು ಬೋರ್ಡಿನಲ್ಲಿ ಓಡುವ ಪ್ರೋಗ್ರಾಂ) ಸೆಟ್ಟಿಂಗ್ಸ್ ಎಲ್ಲ ಅಳಿಸಿ ಮೂಲಸ್ಥಿತಿಗೆ ಹೋಗಿದೆ. ಯಾವತ್ತೋ ವಿಂಡೋಸ್ 7 ಹಾಕಿದವರು ಸಾಟಾ ಮೋಡನ್ನು (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ) ಐಡಿಇಗೆ ಇಟ್ಟು ಹಾಕಿದ್ದಾರೆ, ಬೋರ್ಡಿನ ಮೂಲ ಸೆಟ್ಟಿಂಗ್ ಎಎಚ್‌ಸಿಐ. ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುತ್ತಿಲ್ಲ, ಅದಕ್ಕೇ ನೀಲಿ ಸ್ಕ್ರೀನ್.

ಬ್ಯಾಟರಿ ಬದಲಾಯಿಸಿ, ಬಯೋಸಿಗೆ ಹೋಗಿ ಸಾಟಾ ಮೋಡನ್ನು ಐಡಿಇ ಮಾಡಿ ಸೇವ್ ಮಾಡಿದೆ. ಡೆಸ್ಕ್‌ಟಾಪ್ ಬಂತು, ಐಕಾನ್‌ಗಳೆಲ್ಲ ಇದ್ದಲ್ಲೇ ಇದ್ದವು. ಈ ಜಾಗದಲ್ಲಿ ‘ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು’ ಅಂತ ಹೇಳಿ ಎಷ್ಟು ಜನರ ಫೈಲುಗಳನ್ನು ಕಳೆದಿದ್ದಾರೋ ಅಂತ ನನಗೆ ನಿಜವಾಗಲೂ ಸಂಕಟವಾಗುತ್ತೆ. ಕರೆಂಟ್ ಹೋದ ಮೇಲೆ ಈ ನೀಲಿ ಸ್ಕ್ರೀನ್ ಬಂದರೆ ಮೊದಲು ಸಾಟಾ ಮೋಡ್ ನೋಡಿ. ಫಾರ್ಮ್ಯಾಟ್ ಮಾತು ಆಮೇಲೆ.

ಮಷಿನ್ ಎದ್ದ ಕೂಡಲೇ ಮಾಡಿದ್ದು ಡಿಸೈನ್ ಫೋಲ್ಡರ್ ಪೂರ್ತಿ ಹೊರಗಿನ ಡಿಸ್ಕಿಗೆ ಕಾಪಿ. ಡಿಸ್ಕ್ ಚೆಕ್ ಓಡಿಸಿದ್ದು ಅದಾದ ಮೇಲೆ. ಡಿಸ್ಕಿನಲ್ಲಿ ಏನಾದರೂ ತೊಂದರೆ ಇದ್ದರೆ ಚೆಕ್ ಮಾಡುವ ಭಾರಕ್ಕೇ ಅದು ಸಾಯಬಹುದು, ಹಾಗಾಗಿ ಈ ಕ್ರಮ ತಪ್ಪಿಸಬೇಡಿ. ಕರೆಂಟ್ ಹೋಗುವಾಗ ತೆರೆದಿದ್ದ ಒಂದು ಲಗ್ನಪತ್ರಿಕೆ ಫೈಲ್ ಮಾತ್ರ ತೆರೆಯಲಿಲ್ಲ. ಕೋರೆಲ್‌ಡ್ರಾ ಅದೇ ಫೋಲ್ಡರಿನಲ್ಲಿ ‘ಬ್ಯಾಕಪ್ ಆಫ್’ ಅಂತ ಹೆಸರಿನ ಮುಂದೆ ಸೇರಿಸಿ ಒಂದು ಪ್ರತಿ ಇಟ್ಟಿತ್ತು, ಅದು ತೆರೆಯಿತು. ಮುಹೂರ್ತದ ಸಾಲೊಂದನ್ನು ಭಾವ ಮತ್ತೆ ಟೈಪ್ ಮಾಡಿದರು, ಅಷ್ಟೇ ನಷ್ಟ. ತಾರೀಖು ಹಿಂದಕ್ಕೆ ಹೋಗಿದ್ದರಿಂದ ಬ್ರೌಸರ್ ಯಾವ ಸೈಟನ್ನೂ ತೆರೆಯುತ್ತಿರಲಿಲ್ಲ, ತಾರೀಖು ಸರಿ ಮಾಡಿದ ಮೇಲೆ ಅದೂ ಸರಿಯಾಯಿತು.

ಬಯೋಸಿನಲ್ಲಿ ಇನ್ನೊಂದು ಕೆಲಸ ಮಾಡಿದೆ. ಕರೆಂಟ್ ಹೋಗಿ ಬಂದ ಮೇಲೆ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಇರುತ್ತೆ: ತಾನೇ ಆನ್ ಆಗಬೇಕಾ, ಆಫ್ ಆಗೇ ಇರಬೇಕಾ, ಹಿಂದೆ ಇದ್ದ ಹಾಗೇ ಇರಬೇಕಾ. ನಮ್ಮ ಕಡೆ ಕರೆಂಟ್ ಬರುವಾಗ ಒಂದೇ ಸಲಕ್ಕೆ ಬರೋದಿಲ್ಲ, ಬಂದು ಹೋಗಿ ಬಂದು ನಿಲ್ಲುತ್ತೆ. ಆ ಹೊತ್ತಲ್ಲಿ ಡಿಸ್ಕ್ ತಿರುಗುತ್ತಿರಬಾರದು. ಆಫ್ ಆಗೇ ಇರಲಿ ಅಂತ ಇಟ್ಟೆ.

ಯುಪಿಎಸ್ ಬಗ್ಗೆ ಭಾವನಿಗೆ ಗಟ್ಟಿಯಾಗಿಯೇ ಹೇಳಿದೆ. ಕರೆಂಟ್ ಕಡಿದ ಮೇಲೆ ಎಸ್‌ಎಂಪಿಎಸ್ ತಾನಾಗಿ ತಡೆದುಕೊಳ್ಳಬೇಕಾದ್ದು ಆ ಕಾಲದ ಎಟಿಎಕ್ಸ್ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ) ನಿಯಮದ ಪ್ರಕಾರ ಪೂರ್ತಿ ಹೊರೆಯಲ್ಲಿ 16-17 ಮಿಲಿಸೆಕೆಂಡಿನಷ್ಟು. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡ್ ಬೇಕು. ಹಾಗಾಗಿ ಕಣ್ಣು ಮಿಟುಕಿಸುವಷ್ಟು ಹೊತ್ತು ಹೋದರೂ ಕೆಲಸ ಹೋದಂತೆಯೇ. ಹಳೆ ಬ್ಯಾಟರಿಯನ್ನು ಬರೀ ಮೀಟರಿನಲ್ಲಿ ಅಳೆದರೆ 12.4 ತೋರಿಸುತ್ತಿತ್ತು, ಬೈಕಿನ ಹೆಡ್‌ಲೈಟ್ ಬಲ್ಬು ಹೊರೆ ಕೊಟ್ಟರೆ 8ಕ್ಕೆ ಕುಸಿಯಿತು. 12 ವೋಲ್ಟ್ 7 ಆಂಪಿಯರ್-ಅವರಿನ ಹೊಸದು ಹಾಕಿದೆವು. ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿದಾಗ ಮಷಿನ್ ಓಡುತ್ತಲೇ ಇತ್ತು, ಸೇವ್ ಮಾಡಿ ಮುಚ್ಚಲು ಬೇಕಾದಷ್ಟು ಸಮಯ ಸಿಗುತ್ತೆ.

ರಿಪೇರಿಯಾದ ಎಸ್‌ಎಂಪಿಎಸ್‌ಗೆ ನನ್ನ ಬೆಂಚಿನಲ್ಲಿ ಒಂದು ಪರೀಕ್ಷೆ ಬಾಕಿ ಇತ್ತು. ರಾತ್ರಿ ಪ್ಲಗ್ ಕಿತ್ತು ಪೂರ್ತಿ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಕರೆಂಟ್ ಕೊಟ್ಟೆ. 5.05, ಗಟ್ಟಿಯಾಗಿ ನಿಂತಿತು. ಭಾವನ ಅಂಗಡಿಯಲ್ಲಿ ಬಿಲ್ಲಿಂಗಿಗೆ ಅಂತ ಇನ್ನೊಂದು ಮಷಿನ್ ಇದೆ, ಅದೇ ವಯಸ್ಸಿನದು. ಹೊರಡುವ ಮುಂಚೆ ಅದರ ನೇರಳೆ ವೈರನ್ನೂ ಅಳೆದಿದ್ದೆ: 4.81. ಲೆಕ್ಕದಲ್ಲಿ ಪಾಸು, ಆದರೆ ಬಿಸಿ ಇರುವಾಗಲೇ ಅಷ್ಟು. ಜೂನಿನ ಮಳೆ ಹಿಡಿಯುವ ಮೊದಲು ಅದನ್ನೂ ಬಿಚ್ಚಬೇಕು, ಕೆಪಾಸಿಟರ್ ತಂದಿಟ್ಟಿದ್ದೇನೆ.